ಶನಿವಾರದ ಇಂಗ್ಲೆಂಡು

ಕುವೈತಿನ ಮಂಗಫಿನಲ್ಲಿದ್ದ ನಮ್ಮ ಫ್ಲಾಟಿನಲ್ಲಿ ದೇವರಿಗೆ ಸಿಕ್ಕಿದ್ದು ಅಡುಗೆಮನೆಯ ಕಪಾಟಿನ ಒಂದು ಖಾನೆ. ಟಿವಿಗೆ ಸಿಕ್ಕಿದ್ದು ಹಾಲ್‌ನ ಇಡೀ ಗೋಡೆ. ಎರಡು ಕೋಣೆಯ ಆ ಮನೆಯಲ್ಲಿ ನಾನು ಓದಲು ಕೂರುತ್ತಿದ್ದುದು ಬಾಲ್ಕನಿ ಬಾಗಿಲ ಪಕ್ಕದ ಮಡಚುವ ಟೇಬಲ್ಲಿನ ಮುಂದೆ. ಶನಿವಾರ ಮಧ್ಯಾಹ್ನವಾಯಿತೆಂದರೆ ಅಪ್ಪ ನನ್ನ ಪುಸ್ತಕಗಳನ್ನು ಎತ್ತಿ ಹಾಸಿಗೆಯ ಮೇಲೆ ಹಾಕಿ, ಟೇಬಲ್ಲು ಮಡಚಿ ಗೋಡೆಗೆ ಒರಗಿಸಿ, ಅಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದ. ಅವ್ವ ಅಡುಗೆಮನೆಯಲ್ಲಿ ಗಿರಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು, ಮಿರ್ಚಿಗೆ ಹಿಟ್ಟು ಕಲಸುತ್ತಿದ್ದಳು. ಮುಂದಿನ ಎರಡು ತಾಸು ಆ ಹಾಲ್ ಇಂಗ್ಲೆಂಡಿಗೆ ಸೇರಿದ್ದು. ಆ ಇಂಗ್ಲೆಂಡಿಗೆ ನಮ್ಮ ಮನೆಯ ಯಾರೂ ಕಾಲಿಟ್ಟಿರಲಿಲ್ಲ, ಇಡುವ ಸಂಭವವೂ ಇರಲಿಲ್ಲ. ಆದರೂ ಅಪ್ಪ ಕೆಂಪು ಅಂಗಿ ತೊಟ್ಟು ಟಿವಿಯ ಮುಂದೆ ಕೂತು, ಇಂದು ನಾವು ಗೆಲ್ಲಲೇಬೇಕು ಅನ್ನುತ್ತಿದ್ದ. ಆ 'ನಾವು' ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಇಂದಿಗೂ ಮೈ ಉರಿಯುತ್ತದೆ.

ಅಪ್ಪ ಶಿವಾನಂದ ಬಾಗಲಕೋಟೆ ಕಡೆಯವನು. ಅಲ್ಲಿ ಅವನು ಆಡಿದ್ದು ಕಬಡ್ಡಿ. ಕುವೈತಿಗೆ ಬಂದು ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್ ಆಗಿ ಸೇರಿದ ಮೊದಲ ವರ್ಷಗಳಲ್ಲಿ, ಆರು ಜನರ ಕ್ಯಾಂಪ್ ರೂಮಿನಲ್ಲಿ ಯಾರೋ ಹಾಕುತ್ತಿದ್ದ ಇಂಗ್ಲೆಂಡಿನ ಫುಟ್‌ಬಾಲ್ ಮ್ಯಾಚು ನೋಡಿ ನೋಡಿ ಅವನಿಗೆ ಈ ರೋಗ ಅಂಟಿತ್ತು. ಅವನ ಕೆಂಪು ಟೀಮಿಗೆ ಎದುರಾಳಿ ಅದೇ ಊರಿನ ನೀಲಿ ಟೀಮು. ಆ ನೀಲಿ ಟೀಮಿನ ಭಕ್ತರು ಶಶಿಧರ ಅಂಕಲ್. ಅವರು ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಮನೆ ಮೈದಾನ್ ಹವಲ್ಲಿಯಲ್ಲಿ. ಅಷ್ಟು ದೂರದಿಂದ ಕಾರು ಓಡಿಸಿಕೊಂಡು ನಮ್ಮಲ್ಲಿಗೇ ಬರುತ್ತಿದ್ದರು, ಏಕೆಂದರೆ ಒಬ್ಬರೇ ಮನೆಯಲ್ಲಿ ಕೂತು ಗೆದ್ದರೆ ಯಾರನ್ನು ಹಂಗಿಸುವುದು? ಹೊರದೇಶದ ಒಬ್ಬ ಕುಬೇರ ನೀಲಿ ಟೀಮನ್ನು ಕೊಂಡುಕೊಂಡ ವರ್ಷವೇ ಅಂಕಲ್‌ಗೆ ಅದರ ಮೇಲೆ ಪ್ರೀತಿ ಹುಟ್ಟಿತ್ತು. ಏರುವ ಷೇರನ್ನು ಆರಿಸಿದ ಹಾಗೆ ಅವರು ಟೀಮನ್ನು ಆರಿಸಿಕೊಂಡಿದ್ದರು, ಹುಟ್ಟಿನಿಂದಲೇ ಅದರವರೇನೋ ಎಂಬಂತೆ ಮಾತಾಡುತ್ತಿದ್ದರು. ಅಂಕಲ್ ಬಿಳುಪು, ಅಪ್ಪ ಕಪ್ಪು. ಅಪ್ಪನ ಟೀಮು ಸೋತ ದಿನ ಅಂಕಲ್ ಅವನ ಬೆನ್ನು ತಟ್ಟಿ, ನಿಮ್ಮ ಮುಖ ಇನ್ನೂ ಕಪ್ಪಗಾಯ್ತಲ್ರೀ ಎಂದು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ಅಂಕಲ್ ಹೋದಮೇಲೆ ಬಾತ್‌ರೂಮಿನ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದ.

ಮೂರನೆಯ ಕುರ್ಚಿ ಉಸ್ಮಾನ್ ಚಾಚಾನದು. ಅವರು ಸುಡಾನಿನ ಓಮ್ದುರ್ಮಾನ್ ಊರಿನವರು, ಅಪ್ಪನ ಪ್ಲಾಂಟಿನಲ್ಲೇ ಹಿರಿಯ ಆಪರೇಟರು. ನಮ್ಮದು ಮೂರನೆಯ ಮಹಡಿಯಾದರೆ ಅವರದು ಅದೇ ಕಟ್ಟಡದ ನೆಲಮಹಡಿಯಲ್ಲಿ ಲಿಫ್ಟಿನ ಪಕ್ಕದ ಮನೆ. ನಾನೂ ಅವ್ವನೂ ಕುವೈತಿನಲ್ಲಿ ಇದ್ದುದೇ ಅವರಿಂದ ಎನ್ನಬಹುದು. ನಮ್ಮ ಇಕಾಮಾದ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯ ಕಾಗದಗಳನ್ನು ಕಚೇರಿಯವರು ಏನೋ ಸರಿಯಿಲ್ಲವೆಂದು ವಾಪಸು ಕೊಟ್ಟಾಗ, ಅರಬ್ಬಿ ಬಾರದ ಅಪ್ಪ ಅಳುವುದೊಂದು ಬಾಕಿಯಿತ್ತಂತೆ. ಉಸ್ಮಾನ್ ಚಾಚಾ ತಮ್ಮ ರಜೆ ಹಾಕಿ ಎರಡು ದಿನ ಆ ಸಾಲಿನಲ್ಲಿ ನಿಂತು, ಗುಮಾಸ್ತನ ಜೊತೆ ಅವನದೇ ಭಾಷೆಯಲ್ಲಿ ವಾದಿಸಿ, ಮುದ್ರೆ ಹಾಕಿಸಿಕೊಟ್ಟಿದ್ದರು. ಕಂಪನಿ ಬಸ್ಸಿನಲ್ಲಿ ದಿನವೂ ತಮ್ಮ ಪಕ್ಕದ ಸೀಟಿನ ಮೇಲೆ ಟಿಫಿನ್ ಇಟ್ಟು ಅಪ್ಪನಿಗಾಗಿ ಜಾಗ ಹಿಡಿಯುತ್ತಿದ್ದರು. ಆ ಹಾಲ್‌ನಲ್ಲಿ ಆಟ ಗೊತ್ತಿದ್ದವರು ಅವರೊಬ್ಬರೇ. ಹರೆಯದಲ್ಲಿ ತಮ್ಮ ಊರಿನ ಕ್ಲಬ್ಬಿಗೆ ಆಡಿ ಮಂಡಿ ಮುರಿದುಕೊಂಡಿದ್ದರು. ಅವರೂ ಕೆಂಪು ಟೀಮಿನವರೇ, ಆದರೆ ಕೂಗುತ್ತಿರಲಿಲ್ಲ. ಚೆಂಡು ಯಾವ ಕಡೆ ಹೋಗುತ್ತದೆಂದು ಅದು ಹೋಗುವ ಮೊದಲೇ ಬೆರಳು ತೋರಿಸುತ್ತಿದ್ದರು. ಪ್ರತಿ ಶನಿವಾರ ಹುರಿದ ಶೇಂಗಾದ ಪೊಟ್ಟಣ ತರುತ್ತಿದ್ದರು. ಸುಡಾನಿನ ಶೇಂಗಾ ದೊಡ್ಡದೋ ನಮ್ಮ ಕಡೆಯದು ದೊಡ್ಡದೋ ಎಂದು ಅವ್ವನಿಗೂ ಅವರಿಗೂ ತಮಾಷೆಯ ವಾದ ನಡೆಯುತ್ತಿತ್ತು. ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೇ, ಆದ್ದರಿಂದ ಯಾರೂ ಗೆಲ್ಲುತ್ತಿರಲಿಲ್ಲ. ಅವರ ಮಗಳು ಆಮ್ನಾ ನನ್ನ ಓರಗೆಯವಳು. ಶಾಲೆ ಬೇರೆಯಾದರೂ ಸಂಜೆ ಮೆಟ್ಟಿಲ ಮೇಲೆ ಕೂತು ಇಂಗ್ಲಿಷಿನಲ್ಲಿ ಹರಟುತ್ತಿದ್ದೆವು.

ಕೆಂಪು ಟೀಮಿನಲ್ಲಿ ಹನ್ನೊಂದನೇ ನಂಬರಿನ ಕಪ್ಪು ಹುಡುಗನೊಬ್ಬ ಆಡುತ್ತಿದ್ದ. ಅವನೆಂದರೆ ಅಪ್ಪನಿಗೆ ಪ್ರಾಣ. ಅವನ ಹೆಸರು ಬೆನ್ನ ಮೇಲೆ ಬರೆದ ಅಂಗಿಯನ್ನು ಫಹಾಹೀಲಿನ ಅಂಗಡಿಯಲ್ಲಿ ಕೊಂಡಿದ್ದ. ನನಗೆ ಹನ್ನೊಂದು ತುಂಬಿದ ವರ್ಷದ ಬೇಸಿಗೆಯಲ್ಲಿ ನೀಲಿ ಟೀಮಿನ ಕುಬೇರ ಕಣ್ಣು ಕುಕ್ಕುವಷ್ಟು ಹಣ ಚೆಲ್ಲಿ ಆ ಹುಡುಗನನ್ನು ಕೊಂಡುಬಿಟ್ಟ. ನಮ್ಮ ಮನೆಯಲ್ಲಿ ಸೂತಕ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ರೊಕ್ಕಕ್ಕೆ ಮಾರಿಕೊಂಡ, ನಿಯತ್ತಿಲ್ಲ ಎಂದು ಊಟದ ತಟ್ಟೆಯ ಮುಂದೆ ಭಾಷಣ ಮಾಡಿದ. ಹೆಚ್ಚು ಸಂಬಳಕ್ಕಾಗಿ ಎರಡು ಕಂಪನಿ ಬಿಟ್ಟು ಮೂರನೆಯದಕ್ಕೆ ಸೇರಿದ್ದ ಮನುಷ್ಯ. ಕುವೈತಿಗೆ ಬಂದದ್ದು ಮರಳು ನೋಡಲಿಕ್ಕೇನೂ ಅಲ್ಲ. ಪ್ಲಾಂಟಿನಿಂದ ಕಪ್ಪು ಇನ್ಸುಲೇಶನ್ ಟೇಪು ತಂದು, ಅಂಗಿಯ ಬೆನ್ನ ಮೇಲಿನ ಹೆಸರಿನ ಮೇಲೆ ಎರಡು ಸಾಲು ಅಂಟಿಸಿದ. ಅಂಗಿ ಎಸೆಯಲು ಮನಸ್ಸು ಬರಲಿಲ್ಲ, ಕೊಟ್ಟ ದಿನಾರು ನೆನಪಿಗೆ ಬಂತು.

ಆ ಚಳಿಗಾಲದಲ್ಲಿ ಇನ್ನೊಂದು ಘಟನೆ ನಡೆಯಿತು. ಅಪ್ಪನ ಮೇಲಧಿಕಾರಿ ಕೀತ್ ಎಂಬ ಇಂಗ್ಲಿಷಿನವನು. ಅವನು ಹುಟ್ಟಿದ್ದು ಆ ಕೆಂಪು ಟೀಮಿನ ಊರಿನಲ್ಲಿ. ಇದು ಗೊತ್ತಾದ ದಿನದಿಂದ ಅಪ್ಪನಿಗೆ ಅವನು ಅಧಿಕಾರಿಯಲ್ಲ, ಅರ್ಚಕ. ನಮ್ಮ ಕಾಂಪೌಂಡಿನಲ್ಲಿ ದೊಡ್ಡ ಪರದೆ ಹಾಕಿ ಮ್ಯಾಚು ನೋಡುತ್ತೇವೆ, ಯಾವಾಗಲಾದರೂ ಬಾ ಎಂದು ಕೀತ್ ಒಮ್ಮೆ ಬಾಯಿಮಾತಿಗೆ ಅಂದಿದ್ದನಂತೆ. ಅಪ್ಪ ಅದನ್ನು ಆಮಂತ್ರಣವೆಂದೇ ತಿಳಿದ. ಅವ್ವನ ಕೈಯಲ್ಲಿ ಶೇಂಗಾ ಹೋಳಿಗೆ ಮಾಡಿಸಿ, ಸ್ಟೀಲ್ ಡಬ್ಬಿಗೆ ತುಂಬಿಸಿ, ಟೇಪು ಅಂಟಿಸಿದ ಅಂಗಿಯ ಮೇಲೆ ಕೋಟು ಹಾಕಿ, ಇಂಗ್ಲಿಷ್ ಚೆನ್ನಾಗಿ ಮಾತಾಡುವ ಮಗಳೆಂದು ನನ್ನನ್ನೂ ಕರೆದುಕೊಂಡು ಹೊರಟ. ಅಂಥ ಸಾಹೇಬರ ಮನೆಗಳಷ್ಟೇ ಇದ್ದ ಆ ಕಾಂಪೌಂಡಿನ ಗೇಟಿನಲ್ಲಿ ಕಾವಲುಗಾರ ತನ್ನ ಪಟ್ಟಿ ನೋಡಿ, ನಿಮ್ಮ ಹೆಸರಿಲ್ಲ ಅಂದ. ಅಪ್ಪ ಫೋನು ಮಾಡಿಸಿದ. ಹತ್ತು ನಿಮಿಷ ಬಿಟ್ಟು ಕೀತ್ ಕೈಯಲ್ಲಿ ಗ್ಲಾಸು ಹಿಡಿದುಕೊಂಡು ಬಂದ. ಗೇಟಿನ ಆಚೆಯೇ ನಿಂತ. ಇದು ಇಲ್ಲಿ ಇರುವ ಸಂಸಾರಗಳಿಗೆ ಮಾತ್ರ, ಇನ್ನೊಮ್ಮೆ ನೋಡೋಣ ಎಂದು ನಗುತ್ತಲೇ ಹೇಳಿದ. ನಿಮ್ಮ ಜನಕ್ಕೆ ಕ್ರಿಕೆಟ್ ಇದೆಯಲ್ಲ, ಇದರ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳಿದ. ಆಮೇಲೆ ಗೇಟಿನ ಸರಳುಗಳ ಮೇಲಿನಿಂದ ಕೈ ಚಾಚಿ ಹೋಳಿಗೆಯ ಡಬ್ಬಿ ತೆಗೆದುಕೊಂಡ. ಥ್ಯಾಂಕ್ಸ್ ಹೇಳುವುದನ್ನು ಮರೆಯಲಿಲ್ಲ. ಆ ಡಬ್ಬಿ ಮರಳಿ ಬರಲಿಲ್ಲ.

ಮನೆಗೆ ಬಂದು ಅಪ್ಪ, ಸಾಹೇಬರು ಬಹಳ ಮರ್ಯಾದೆಯಿಂದ ನೋಡಿಕೊಂಡರು, ಇವಳಿಗೆ ಹೋಂವರ್ಕ್ ಇತ್ತು ಅಂತ ಬೇಗ ಬಂದೆವು ಅಂದ. ಅವ್ವ ನನ್ನ ಮುಖ ನೋಡಿದಳು. ನಾನು ಬೂಟಿನ ಲೇಸು ಬಿಚ್ಚುತ್ತಿದ್ದೆ. ಅವಮಾನ ಮನುಷ್ಯನಿಗೆ ಪಾಠ ಕಲಿಸುತ್ತದೆಂದು ಹೇಳುವವರಿದ್ದಾರೆ. ಅಪ್ಪನಿಗೆ ಅದು ಏನೂ ಕಲಿಸಲಿಲ್ಲ. ಮುಂದಿನ ಶನಿವಾರದ ತನಕ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡಿದ, ಅಷ್ಟೇ.

ಮುಂದಿನ ಶನಿವಾರ ಕೆಂಪಿಗೂ ನೀಲಿಗೂ ಪಂದ್ಯ. ಅಲ್ಲಿಯ ಮಧ್ಯಾಹ್ನದ ಆಟ, ನಮಗೆ ಮೂರೂವರೆಗೆ ಶುರು. ಶಶಿಧರ ಅಂಕಲ್ ನೀಲಿ ಮಫ್ಲರು ಸುತ್ತಿಕೊಂಡು ಬಂದಿದ್ದರು. ಉಸ್ಮಾನ್ ಚಾಚಾ ಶೇಂಗಾದ ಪೊಟ್ಟಣ ಬಿಚ್ಚಿ ಮಧ್ಯದಲ್ಲಿಟ್ಟಿದ್ದರು. ಕೆಂಪಿನವರ ಮೈದಾನದಲ್ಲಿ, ಕೆಂಪಿನವರ ಜನದ ಮುಂದೆ, ಆ ಹನ್ನೊಂದನೇ ನಂಬರಿನವನು ನೀಲಿ ಅಂಗಿಯಲ್ಲಿ ಚೆಂಡು ಮುಟ್ಟಿದಾಗಲೆಲ್ಲ ಜನ ಬುಸುಗುಟ್ಟುತ್ತಿದ್ದರು. ಎರಡನೆಯ ಅರ್ಧದಲ್ಲಿ ಅವನೇ ಗೋಲು ಹೊಡೆದ. ಸಂಭ್ರಮಿಸಲಿಲ್ಲ, ಸುಮ್ಮನೆ ತಿರುಗಿ ನಡೆದ. ಆಗ ಅವನ ಹತ್ತಿರದ ಮೂಲೆಯಿಂದ ಆ ಸದ್ದು ಬಂತು. ಮಂಗನ ಸದ್ದು. ಮೊದಲು ನಾಲ್ಕೈದು ಗಂಟಲು, ಆಮೇಲೆ ಇನ್ನಷ್ಟು. ಕಾಮೆಂಟರಿ ಮಾಡುವವನು ಮಾತು ನಿಲ್ಲಿಸಿ ವೀಕ್ಷಕರ ಕ್ಷಮೆ ಕೇಳಿದ. ಕ್ಯಾಮೆರಾ ಹುಡುಗನ ಮುಖದ ಮೇಲೆ ನಿಂತಿತು. ನಮ್ಮ ಹಾಲ್‌ನಲ್ಲಿ ಅಪ್ಪ ಕುರ್ಚಿಯಿಂದ ಎದ್ದ. ಎರಡೂ ಕೈ ಕಂಕುಳಿಗೆ ತಂದುಕೊಂಡು, ಟಿವಿಗೆ ಮುಖ ಮಾಡಿ, ಅದೇ ಸದ್ದನ್ನು ಮಾಡಿದ. ಅವರಿಗಿಂತ ಜೋರಾಗಿ, ಅವರಿಗಿಂತ ಹೆಚ್ಚು ಹೊತ್ತು.

"ಮಂಗ್ಯಾ ಎಲ್ಲಿ ಹೋದ್ರೂ ಮಂಗ್ಯಾನ" ಅಂದ.

ಶಶಿಧರ ಅಂಕಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಲು ಹೊಡೆದವನು ಅವರದೇ ಟೀಮಿನವನು, ಅವರ ಕುಬೇರ ಕೊಂಡುತಂದವನು. ಅದಕ್ಕೂ ಈ ನಗೆಗೂ ಅವರಿಗೆ ಸಂಬಂಧ ಕಾಣಲಿಲ್ಲ. ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು, ಬಿಡುವುದಿಲ್ಲ. ಗೇಟಿನ ಮುಂದೆ ಕುಗ್ಗಿಹೋಗಿದ್ದ ಅಪ್ಪ ಮತ್ತೆ ಎದ್ದು ನಿಂತಿದ್ದಾನೆ, ಎಲ್ಲರನ್ನೂ ನಗಿಸುತ್ತಿದ್ದಾನೆ ಅನಿಸಿ, ಆ ನಗುವಿನಲ್ಲಿ ನನಗೂ ಪಾಲು ಬೇಕಾಗಿತ್ತು. ನಗುತ್ತಲೇ ತಿರುಗಿದವಳಿಗೆ ಉಸ್ಮಾನ್ ಚಾಚಾ ಕಂಡರು. ಅವರು ಟಿವಿ ನೋಡುತ್ತಿರಲಿಲ್ಲ. ಅಂಗೈಯಲ್ಲಿದ್ದ ಶೇಂಗಾವನ್ನು ಮರಳಿ ಕಾಗದದ ಮೇಲೆ ಹಾಕಿ, ಸಿಪ್ಪೆ ಝಾಡಿಸಿ, ಮಂಡಿಯ ಮೇಲೆ ಕೈಯೂರಿ ಎದ್ದರು.

"ಚಲೋ ಶಿವಾ, ಮೈ ಜಾತಾ" ಅಂದರು.

ಅಪ್ಪ, ಮ್ಯಾಚ್ ಬಾಕಿ ಹೈ ಭಾಯಿ, ಬೈಠೋ ಅಂದ. ಅವನ ಕೈಗಳು ಇನ್ನೂ ಪೂರ್ತಿ ಕೆಳಗಿಳಿದಿರಲಿಲ್ಲ.

"ಮೇರಾ ಖಲಾಸ್."

ಅಡುಗೆಮನೆಯ ಬಾಗಿಲಲ್ಲಿ ಮಿರ್ಚಿಯ ತಟ್ಟೆ ಹಿಡಿದು ನಿಂತಿದ್ದ ಅವ್ವನಿಗೆ ತಲೆ ಬಾಗಿಸಿ ಅವರು ಹೊರಟುಹೋದರು. ಅಪ್ಪ ಅಂಕಲ್‌ನ ಮುಖ ನೋಡಿದ. ಬಿಡ್ರೀ ಶಿವಾನಂದ್, ಅವ್ರಿಗೇನು ಅರ್ಥ ಆಗಿರತ್ತೆ, ನಾವು ಮಾತಾಡಿದ್ದು ಕನ್ನಡದಲ್ಲಲ್ವಾ ಅಂದರು ಅಂಕಲ್. ಬ್ಯಾಂಕಿನಲ್ಲಿ ಅವರ ಕೈಕೆಳಗೆ ಮೂವತ್ತು ಜನ ಇದ್ದರಂತೆ. ಆ ಸದ್ದು ಯಾವ ಭಾಷೆಯ ಅಕ್ಷರಮಾಲೆಯಲ್ಲಿದೆ ಎಂದು ಅವರನ್ನು ಕೇಳುವವರು ಆ ಮೂವತ್ತರಲ್ಲೂ ಇರಲಿಲ್ಲ, ನಮ್ಮ ಹಾಲ್‌ನಲ್ಲೂ ಇರಲಿಲ್ಲ. ಇಬ್ಬರೂ ಕೂತು ಕೊನೆಯ ತನಕ ಮ್ಯಾಚು ನೋಡಿದರು. ಮಿರ್ಚಿಯೂ ಖಾಲಿಯಾಯಿತು.

ಅಂಕಲ್ ಹೋದ ಮೇಲೆ ಅವ್ವ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ, ಕೆಳಗೆ ಹೋಗಿ ತಪ್ಪಾಯಿತು ಅಂತ ಹೇಳಿ ಬನ್ನಿ ಅಂದಳು. ಅಪ್ಪ ಮೊದಲು ಕೇಳಿಸದವನಂತೆ ರಿಮೋಟು ಹುಡುಕಿದ. ಆಮೇಲೆ ಅದೇನು ದೊಡ್ಡ ಮಾತೇ ಅಂದ.

"ಮಂಗ್ಯಾ ಅಂತ ನನಗ ನಮ್ಮವ್ವ ದಿನಾ ಅಂತಿದ್ಲು. ನಮ್ಮ ಕಡೆ ಎಲ್ಲಾರೂ ಅಂತಾರ."

"ನಿಮ್ಮವ್ವ ನಿಮಗ ಅಂದಿದ್ಲು. ನೀವು ಯಾರಿಗೆ ಅಂದ್ರಿ?"

"ಟಿವಿಯೊಳಗಿದ್ದಾಂವಗ ಅಂದೆ."

"ಹಂಗಾದ್ರ ಎದ್ದು ಹೋದವರು ಯಾರು?"

ಅಪ್ಪ, ಹಿರಿಯರಿಗೆ ಎದುರುತ್ತರ ಕೊಡುವುದನ್ನು ಮಗಳ ಮುಂದೆ ಕಲಿಸಬೇಡ ಎಂದೇನೋ ಸಂಬಂಧವಿಲ್ಲದ್ದನ್ನು ಹೇಳಿ ಮಲಗುವ ಕೋಣೆಗೆ ಹೋದ. ಅವರಿಬ್ಬರ ಜಗಳಗಳು ಸಾಮಾನ್ಯವಾಗಿ ಊರಿಗೆ ಕಳಿಸುವ ಸಾಮಾನಿನ ಬಗ್ಗೆಯೋ ನೆಂಟರ ಬಗ್ಗೆಯೋ ಇರುತ್ತಿದ್ದವು, ಎರಡು ದಿನದಲ್ಲಿ ಮುಗಿಯುತ್ತಿದ್ದವು. ಇದು ಮುಗಿಯಲಿಲ್ಲ. ಮುಂದಿನ ಶನಿವಾರ ಅವ್ವ ಉಳ್ಳಾಗಡ್ಡಿ ಹೆಚ್ಚಲಿಲ್ಲ. ಶಶಿಧರ ಅಂಕಲ್ ಬಂದಾಗ ಎರಡು ಲೋಟ ಚಹಾ ಇಟ್ಟು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಹೋದಳು. ಬಸ್ಸಿನಲ್ಲಿ ಉಸ್ಮಾನ್ ಚಾಚಾ ತಮ್ಮ ಟಿಫಿನ್ನನ್ನು ಮಡಿಲಲ್ಲಿ ಇಟ್ಟುಕೊಳ್ಳತೊಡಗಿದ್ದರು. ಪಕ್ಕದಲ್ಲಿ ಯಾರು ಬೇಕಾದರೂ ಕೂರಬಹುದಿತ್ತು. ಅಪ್ಪ ಹಿಂದಿನ ಸೀಟಿಗೆ ಹೋಗುತ್ತಾನೆಂದು ಅದೇ ಬಸ್ಸಿನಲ್ಲಿ ಹೋಗುವ ನೆರೆಮನೆಯವರು ಅವ್ವನಿಗೆ ಹೇಳಿದರು. ಉಸ್ಮಾನರು ಬರುತ್ತಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಅಪ್ಪ, ಅವರ ಡ್ಯೂಟಿ ಬದಲಾಗಿದೆ ಅನ್ನುತ್ತಿದ್ದ. ಒಂದೇ ಬಸ್ಸು, ಒಂದೇ ಪ್ಲಾಂಟು, ಒಂದೇ ಶಿಫ್ಟು.

ಆಮ್ನಾ ಒಂದು ಸಂಜೆ ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿದಳು. ನಿಮ್ಮ ಮನೆಯಲ್ಲಿ ಅವತ್ತು ಏನಾಯಿತು, ನಮ್ಮಪ್ಪ ಹೇಳುವುದಿಲ್ಲ, ಆ ಸದ್ದು ಮೆಟ್ಟಿಲ ತನಕ ಕೇಳಿಸಿತು, ಅದು ಟಿವಿಯದಾ ಎಂದು ಕೇಳಿದಳು. ನಾನು ಟಿವಿಯದೇ ಅಂದೆ. ಟಿವಿಯಲ್ಲಿ ಕೆಲವು ಕೆಟ್ಟ ಜನ ಹಾಗೆ ಮಾಡಿದರು ಎಂದೂ ಸೇರಿಸಿದೆ. ಆಮ್ನಾ ನನ್ನ ಮುಖ ನೋಡಿ, ಸರಿ ಅಂದಳು. ಅಪ್ಪನಿಂದ ನಾನು ಕಲಿತ ಮೊದಲ ವಿದ್ಯೆ ಅದು, ಸುಳ್ಳಿಗೆ ಒಂದಿಷ್ಟು ಸತ್ಯ ಬೆರೆಸುವುದು.

ಅತ್ತ ಇಂಗ್ಲೆಂಡಿನಲ್ಲಿ ಕೆಂಪು ಟೀಮಿನವರು ಒಂದು ಪ್ರಕಟಣೆ ಕೊಟ್ಟರು. ನಮ್ಮಲ್ಲಿ ಇಂಥದಕ್ಕೆ ಜಾಗವಿಲ್ಲ ಎಂದರು. ಜಾಗವಿಲ್ಲದ ಕಡೆ ಅಷ್ಟು ಗಂಟಲುಗಳು ಟಿಕೆಟು ಕೊಂಡು ಹೇಗೆ ಕೂತಿದ್ದವೋ ಹೇಳಲಿಲ್ಲ. ಅದಾಗಿ ಕೆಲವೇ ವಾರಗಳಲ್ಲಿ ಎದೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಬಣ್ಣ ನೂರು, ಆಟ ಒಂದೇ' ಎಂಬ ಅರ್ಥದ ಇಂಗ್ಲಿಷ್ ಸಾಲು ಬರೆದ ಅಂಗಿಗಳನ್ನು ಮಾರಾಟಕ್ಕಿಟ್ಟರು. ಅವಮಾನವಾದದ್ದು ಹುಡುಗನಿಗೆ, ವ್ಯಾಪಾರವಾದದ್ದು ಟೀಮಿಗೆ. ಈಗಲೂ ನಾನು ಕೆಲವೊಮ್ಮೆ ಈ ಆಟದ ಸುದ್ದಿ ಓದುತ್ತೇನೆ. ಈಗ ಆ ಸದ್ದು ಮಾಡಲು ಮೈದಾನದ ತನಕ ಹೋಗಬೇಕಿಲ್ಲ. ಪೆನಾಲ್ಟಿ ಒದೆತದಲ್ಲಿ ಗುರಿ ತಪ್ಪಿದ ಹುಡುಗನ ಫೋನಿಗೆ ಮಂಗನ ಚಿತ್ರ ಕಳಿಸಿದರೆ ಸಾಕು. ಇದನ್ನು ಖಂಡಿಸಿ ಆಟಕ್ಕೆ ಮುಂಚೆ ಆಟಗಾರರು ಒಂದು ಮಂಡಿಯೂರುವುದನ್ನೂ ನೋಡಿದ್ದೇನೆ. ಜನ ಚಪ್ಪಾಳೆ ತಟ್ಟುತ್ತಾರೆ. ಅಂಗಿಯ ಬೆಲೆ ಮಾತ್ರ ಪ್ರತಿ ವರ್ಷ ಏರುತ್ತದೆ.

ಅಪ್ಪ ಆ ಅಂಗಿ ತರಿಸಿದ. ಶಶಿಧರ ಅಂಕಲ್‌ನ ಗುರುತಿನವರೊಬ್ಬರು ಲಂಡನ್ನಿನಿಂದ ಬರುವಾಗ ತಂದುಕೊಟ್ಟರು. ಅಪ್ಪ ಅದನ್ನು ತೊಟ್ಟು, ತಲೆ ಬಾಚಿ, ಶುಕ್ರವಾರ ಸಂಜೆ ಉಸ್ಮಾನ್ ಚಾಚಾ ಅಂಗಡಿಯಿಂದ ಬರುವ ಹೊತ್ತಿಗೆ ಸರಿಯಾಗಿ ನನ್ನನ್ನೂ ಕರೆದುಕೊಂಡು ಕೆಳಗಿಳಿದು ಲಿಫ್ಟಿನ ಮುಂದೆ ನಿಂತ. ಏನು ಮಾಡಲು ಹೊರಟಿದ್ದಾನೆಂದು ನನಗೆ ಗೊತ್ತಾಯಿತು. ಉಸ್ಮಾನ್ ಚಾಚಾ ಎರಡು ಕೈಯಲ್ಲೂ ಸಾಮಾನಿನ ಚೀಲ ಹಿಡಿದು ಬಂದರು. ಅಪ್ಪ ಎದೆ ಮುಂದೆ ಮಾಡಿ ನಿಂತ. ಬಾಯಿ ತೆರೆಯಲಿಲ್ಲ. ಅವರು ಆ ಸಾಲನ್ನು ಓದಿದರು. ನಿಧಾನವಾಗಿ, ಪೂರ್ತಿಯಾಗಿ ಓದಿದರು.

"ಕಿತನೇ ಕಾ?" ಎಂದು ಕೇಳಿದರು.

ಅಪ್ಪ ಒಂಬತ್ತು ದಿನಾರು ಅಂದ. ಉಸ್ಮಾನ್ ಚಾಚಾ ತಲೆಯಾಡಿಸಿ, ಚೀಲ ಕೆಳಗಿಟ್ಟು, ಬೀಗ ತೆಗೆದು ಒಳಗೆ ಹೋದರು. ಲಿಫ್ಟಿನಲ್ಲಿ ಮೇಲೆ ಹೋಗುವಾಗ ಅಪ್ಪನ ಮುಖ ಅರಳಿತ್ತು. ನೋಡಿದೆಯಾ, ಅವರೇ ಮಾತಾಡಿಸಿದರು ಎಂದು ನನಗೆ ಹೇಳಿದ. ಮನೆಗೆ ಬಂದು ಅವ್ವನಿಗೂ ಎಲ್ಲ ಸರಿಹೋಯಿತು ಎಂದು ಹೇಳಿದ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಏನಂದ್ರು?"

"ಎಷ್ಟಕ್ಕ ತಗೊಂಡಿ ಅಂತ ಕೇಳಿದ್ರು."

ಅವ್ವ ಗ್ಯಾಸು ಆರಿಸಿದಳು. ಕೈಗೆ ಹತ್ತಿದ್ದ ಜೋಳದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ನನ್ನ ಕೈ ಹಿಡಿದು, ಮನೆಯೊಳಗಿನ ಚಪ್ಪಲಿಯಲ್ಲೇ ಮೂರು ಮಹಡಿ ಮೆಟ್ಟಿಲಿಳಿದಳು. ಲಿಫ್ಟಿಗೆ ಕಾಯುವ ತಾಳ್ಮೆ ಇರಲಿಲ್ಲವೋ ಏನೋ. ಉಸ್ಮಾನ್ ಚಾಚಾನೇ ಬಾಗಿಲು ತೆರೆದರು. ಹಿಂದೆ ಅವರ ಹೆಂಡತಿ, ಅವರ ಹಿಂದೆ ಆಮ್ನಾ. ಅವ್ವನ ಹಿಂದಿ ಎಂದಿಗಿಂತಲೂ ಮುರಿದುಹೋಗಿತ್ತು.

"ಭಾಯಿಸಾಬ್, ಇಸ್ಕಾ ಪಪ್ಪಾ ಗಲತ್ ಕಿಯಾ. ಮೈ ಉದರ್ ಥಾ. ಮೈ ಚುಪ್ ಥಾ. ಮೈ ಭೀ ಗಲತ್."

ಗಂಡನ ತಪ್ಪನ್ನೂ ಅಲ್ಲಿದ್ದೂ ಸುಮ್ಮನಿದ್ದ ತನ್ನ ತಪ್ಪನ್ನೂ ಹೇಳಿ ಅವಳು ನನ್ನ ಬೆನ್ನಿನ ಮೇಲೆ ಕೈಯಿಟ್ಟಳು, ದೂಡಲಿಲ್ಲ. ಅಂದು ನಾನು ನಕ್ಕದ್ದನ್ನು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದಳು. ಇಷ್ಟು ದಿನ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಾನು ಆಮ್ನಾಳನ್ನು ನೋಡುತ್ತ, ಅದು ಟಿವಿಯಲ್ಲ, ನಮ್ಮಪ್ಪ, ನಾನೂ ನಕ್ಕೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನನಗೆ ಗೊತ್ತಿತ್ತು ಅಂದಳು ಆಮ್ನಾ. ಅಳುವಿರಲಿಲ್ಲ, ಅಪ್ಪುಗೆಯಿರಲಿಲ್ಲ. ಉಸ್ಮಾನ್ ಚಾಚಾ ಪಕ್ಕಕ್ಕೆ ಸರಿದು, ಒಳಗೆ ಬನ್ನಿ ಭಾಭೀ ಅಂದರು. ಅವರ ಹೆಂಡತಿ ಪುದೀನ ಹಾಕಿದ ಚಹಾ ತಂದರು. ಎದ್ದು ಹೊರಡುವಾಗ ಉಸ್ಮಾನ್ ಚಾಚಾ ಅವ್ವನಿಗೆ ಒಂದೇ ಮಾತು ಹೇಳಿದರು, ಶಿವಾಗೆ ಬಾ ಅಂತ ಹೇಳಿ, ನಾನು ಬಾಗಿಲು ಹಾಕಿಲ್ಲ ಅಂತ ಹೇಳಿ.

ಅವ್ವ ಹೇಳಿದಳು. ಅಪ್ಪ ನಾಳೆ ಅಂದ. ಮುಂದಿನ ವಾರ ಅಂದ. ರಂಜಾನ್ ಮುಗಿಯಲಿ ಅಂದ. ನಾನೂ ಅವ್ವನೂ ಆ ಮನೆಗೆ ಹೋಗಿ ಬರುತ್ತಿದ್ದೆವು. ಆಮ್ನಾ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಮತ್ತೆ ಕೂರಲು ಒಂದು ವರ್ಷ ಹಿಡಿಯಿತು, ಕೂತ ಮೇಲೂ ತನ್ನ ಮನೆಯ ಮಾತನ್ನು ನನ್ನೆದುರು ಆಡಲಿಲ್ಲ. ಅಪ್ಪ ಮಾತ್ರ ಆ ಬಾಗಿಲ ಪಕ್ಕದ ಲಿಫ್ಟು ಬಿಟ್ಟ. ಕಟ್ಟಡದ ಹಿಂದೆ ಕಸದ ಡಬ್ಬಗಳ ನಡುವಿನಿಂದ ಹತ್ತುವ ಕಬ್ಬಿಣದ ಮೆಟ್ಟಿಲು ಹಿಡಿದ. ಆರೋಗ್ಯಕ್ಕೆ ಒಳ್ಳೆಯದು ಎಂದು ಅಂಕಲ್‌ಗೆ ಹೇಳುತ್ತಿದ್ದ. ಉಸ್ಮಾನ್ ಚಾಚಾನ ಸಂಸಾರ ಆ ಮನೆಯಲ್ಲಿ ಇನ್ನೂ ನಾಲ್ಕು ವರ್ಷ ಇತ್ತು. ಐವತ್ತರ ಹತ್ತಿರದ ಅಪ್ಪ, ಬೇಸಿಗೆಯ ಬಿಸಿಲಿಗೆ ಕಾದ ಕಂಬಿಯನ್ನು ಮುಟ್ಟಲಾರದೆ, ಹನ್ನೆರಡು ತಾಸಿನ ಶಿಫ್ಟು ಮುಗಿಸಿಕೊಂಡು, ಏದುಸಿರು ಬಿಡುತ್ತ, ನಾಲ್ಕು ವರ್ಷವೂ ಆ ಮೆಟ್ಟಿಲುಗಳನ್ನೇ ಹತ್ತಿದ. ಒಂದು ಬಾಗಿಲ ಮುಂದೆ ನಿಂತು ಒಂದು ಮಾತು ಹೇಳುವುದಕ್ಕಿಂತ ಅವನಿಗೆ ಅದೇ ಸುಲಭವಾಗಿ ಕಂಡಿತು.